ಶಾಂತಲಿಂಗಪ್ಪನ ಪಾಲು

ಆ ಮಂಗಳವಾರ ಶಾಂತಲಿಂಗಪ್ಪ ಸೋಲಾಪುರದ ತನ್ನ ಬಾಡಿಗೆ ಮನೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದು ರಿಕ್ಷಾದ ಬೆನ್ನಿಗೆ ಮರಾಠಿಯಲ್ಲಿ ‘ಆಯೀಚಾ ಆಶೀರ್ವಾದ’ ಎಂದು ಬರೆಯುತ್ತಿದ್ದ. ಒಳಗೆ ಅವನ ಹೆಂಡತಿ ಸಕ್ಕುಬಾಯಿ ರೊಟ್ಟಿ ಬಡಿಯುತ್ತಿದ್ದಳು. ವೈಶಾಖದ ಬಿಸಿಲು. ರಿಕ್ಷಾದವನು ಚಹಾ ಕುಡಿಯಲು ಹೋಗಿದ್ದ.

“ಏನ್ರೀ, ನಾಳಿ ಹೋಗ್ತೀರೋ ಇಲ್ಲೋ?” ಸಕ್ಕುಬಾಯಿ ಒಳಗಿನಿಂದಲೇ ಕೇಳಿದಳು.

“ಎಲ್ಲಿಗಿ?”

“ಎಲ್ಲಿಗಿ ಅಂತ ನನ್ನ ಕೇಳ್ತೀರಿ? ವಾಗದರಿಗಿ. ಪಾಲು ಮಾಡ್ಕೊಂಡು ಬರಾಕ.”

ಪಾಲು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಶಾಂತಲಿಂಗಪ್ಪನ ಬ್ರಷ್ ನಿಂತಿತು. ಮುಖದ ಮೇಲೆ ಆ ಹಳೇ ನಗು ಬಂತು. ಸಕ್ಕುಬಾಯಿಗೆ ಅದು ಕಾಣುತ್ತಿರಲಿಲ್ಲ, ಆದರೆ ಗೊತ್ತಿತ್ತು.

“ಪಾಲಿಗಿ ವಾಗದರಿ ತನಕ ಯಾಕ ಹೋಗಬೇಕು? ಅಶೋಕ ಚೌಕಿಗಿ ಹೋದ್ರ ಲೀಟರ್‌ಗಟ್ಲೆ ಸಿಗ್ತದ.”

ಅಶೋಕ ಚೌಕಿನ ಕಡೆ ತೆಲುಗು ನೇಕಾರರ ಮನೆಗಳು. ಅವರ ಮಾತಿನಲ್ಲಿ ಪಾಲು ಎಂದರೆ ಹಾಲು. ಈ ನಗೆಮಾತನ್ನು ಸಕ್ಕುಬಾಯಿ ಇಪ್ಪತ್ತೆಂಟು ವರ್ಷ ಕೇಳಿದ್ದಳು.

“ನಿಮ್ಮ ತೆಲಗ್ಯಾರ ಹಾಲು ಒಡೀಲಿ. ಮೂರು ವರ್ಷ ಆತು, ಇವತ್ತ ನಾಳಿ ಅನ್ನಾಕತ್ತೀರಿ. ನೀವು ಹೋಗಾಂಗಿಲ್ಲಂದ್ರ ನಾನೇ ಹೋಗ್ತೀನಿ. ನಿಮ್ಮ ತಮ್ಮ ಸಿದ್ದಣ್ಣನ ಕಟ್ಟಿ ಮ್ಯಾಲ ಕುಂದ್ರತೀನಿ. ಊರ ಮಂದಿ ನೋಡ್ಲಿ.”

“ಹೋಗ್ತೀನಂತ ಹೇಳೀನಲ್ಲ. ಸಿದ್ದಣ್ಣಗ ಫೋನ್ ಮಾಡೀನಿ. ಮಲ್ಲಯ್ಯ ಮಾಸ್ತರ್ರೂ ಬರ್ತೀನಂದಾರ.”

“ಬರೇ ಫೋನ್ ಮಾಡ್ತೀರಿ ನೀವು.”

ಅಷ್ಟೇ. ಅವನು ಮತ್ತೆ ಬ್ರಷ್ ಎತ್ತಿದ. ಸಂಜೆ ಎರಡು ರೊಟ್ಟಿ ಉಂಡ. ರೇಡಿಯೊ ಕೆಟ್ಟಿತ್ತು, ಬಿಚ್ಚಿ ನೋಡಿದ, ಹಾಗೇ ಮುಚ್ಚಿಟ್ಟ.

ಮರುದಿನ ಬೆಳಿಗ್ಗೆ ಹೊರಡುವಾಗ ಕೈಚೀಲದಲ್ಲಿ ಬಿಳಿ ಬಣ್ಣದ ಒಂದು ಸಣ್ಣ ಡಬ್ಬಿ, ಎರಡಿಂಚಿನ ಒಂದು ಬ್ರಷ್ ಇಟ್ಟುಕೊಂಡ. ಹೊಲದ ಕಲ್ಲುಗಳ ಮೇಲೆ ಗುರುತು ಹಾಕಲು. ಅವನು ಊರಿಗೆ ಹೋಗುವಾಗೆಲ್ಲ ಸಕ್ಕುಬಾಯಿ ಬುತ್ತಿ ಕಟ್ಟುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಆ ದಿನ ಕಟ್ಟಲಿಲ್ಲ.

“ಬುತ್ತಿ?” ಎಂದ.

“ತಮ್ಮನ ಮನಿಯಾಗ ಉಣ್ರಿ. ನಿಮ್ಮ ಪಾಲಿಂದು ಅಲ್ಲೇ ಅದಲ್ಲ.”

ಅವನು ನಕ್ಕ. ಚಪ್ಪಲಿ ಮೆಟ್ಟಿಕೊಂಡ. ಗಲ್ಲಿಯ ತಿರುವಿನಲ್ಲಿ ಹಿಂದಿರುಗಿ ನೋಡಿದನೋ ಇಲ್ಲವೋ, ಆಕೆ ನೋಡಲಿಲ್ಲ. ಒಳಗೆ ಹೋಗಿ ಹಂಚು ತೊಳೆದಳು.

ಶಾಂತಲಿಂಗಪ್ಪ ಅಕ್ಕಲಕೋಟ ತಾಲೂಕಿನ ವಾಗದರಿಯವನು. ಮನೆತನಕ್ಕೆ ಎಂಟೂವರೆ ಎಕರೆ ಹೊಲ. ಇವನು ಹಿರಿಯ, ಸಿದ್ದಣ್ಣ ಕಿರಿಯ. ಹೊಲದ ಕೆಲಸ ಇವನ ಕೈಗೆ ಹತ್ತಲಿಲ್ಲ. ನೇಗಿಲು ಹಿಡಿದರೆ ಸಾಲು ಸೊಟ್ಟ, ಸುಣ್ಣದ ಕಡ್ಡಿ ಹಿಡಿದರೆ ಗೆರೆ ನೆಟ್ಟಗೆ. ಒಂಬತ್ತನೇ ಇಯತ್ತೆಗೆ ಸಾಲೆ ಬಿಟ್ಟು ಸೋಲಾಪುರಕ್ಕೆ ಬಂದ. ಅಂಗಡಿಗಳ ಬೋರ್ಡ್ ಬರೆಯುವುದನ್ನು ಕಲಿತ. ಸೋಲಾಪುರದಲ್ಲಿ ಬೋರ್ಡ್ ಬರೆಯುವವನಿಗೆ ಒಂದು ಲಿಪಿ ಸಾಲದು. ಮರಾಠಿ ಬೇಕು, ಕನ್ನಡ ಬೇಕು, ನೇಕಾರರ ಕಡೆ ಹೋದರೆ ತೆಲುಗು ಬೇಕು, ವಿಜಾಪುರ ವೇಸು ಎಂಬ ಹಳೇ ಊರಬಾಗಿಲಿನ ಕಡೆ ಉರ್ದು ಬೇಕು. ನಾಲ್ಕನ್ನೂ ಬರೆದ. ಎರಡು ಓದಲು ಬರುತ್ತಿದ್ದವು. ಉಳಿದೆರಡು ಅವನಿಗೆ ಚಿತ್ರ ಇದ್ದ ಹಾಗೆ.

ಲಗ್ನಕ್ಕೆ ಮೊದಲಿನ ಮಾತು. ನೇಕಾರರ ಗಲ್ಲಿಯಲ್ಲಿ ಒಬ್ಬ ಹಾಲಿನವನು ಬೋರ್ಡ್ ಬರೆಸಿದ. ಕಾಗದದ ಮೇಲೆ ತಾನೇ ತೆಲುಗಿನಲ್ಲಿ ಗೀಚಿ ಕೊಟ್ಟಿದ್ದ. ತೆಲುಗು ಅಕ್ಷರ ಕನ್ನಡದ ಅಕ್ಷರಕ್ಕೆ ಅಕ್ಕತಂಗಿ ಇದ್ದ ಹಾಗೆ. ಶಾಂತಲಿಂಗಪ್ಪ ಕೂಡಿಸಿ ಕೂಡಿಸಿ ಓದಿದ. ಪಾಲು. ಬೋರ್ಡಿನ ಮೇಲೆ ಪಾಲು ಎಂದು ಯಾಕೆ ಬರೆಸುತ್ತಾನೆ ಈ ಮನುಷ್ಯ? ಅಣ್ಣತಮ್ಮಂದಿರು ಅಂಗಡಿ ಒಡೆದುಕೊಂಡಿರಬೇಕು ಎಂದುಕೊಂಡ. “ಯಾರ್‍ಯಾರ ಪಾಲು ಎಷ್ಟೆಷ್ಟರಿ?” ಎಂದು ಕೇಳಿದ. ಹಾಲಿನವನು ತಿಳಿಯದೆ ಅವನ ಮುಖ ನೋಡಿದ. ತಿಳಿದ ಮೇಲೆ ಎಮ್ಮೆಯ ಬೆನ್ನು ಬಡಿದು ನಕ್ಕ. ಒಂದು ದೊಡ್ಡ ಲೋಟ ಹಾಲು ತಂದು, “ಇದಿಗೋ, ಇದು ನಿನ್ನ ಪಾಲು” ಎಂದು ಕೈಗಿಟ್ಟ.

ಅಲ್ಲಿಂದ ಆ ಎರಡಕ್ಷರದ ಗೀಳು ಹತ್ತಿತು ಶಾಂತಲಿಂಗಪ್ಪನಿಗೆ. ಬೋರ್ಡ್ ಬರೆಯುತ್ತ ನಿಚ್ಚಣಿಕೆಯ ಮೇಲಿಂದಲೇ ಕೆಳಗೆ ನಿಂತವರನ್ನು ಕೇಳುವನು, “ನಿಮ್ಮ ಭಾಷಾದಾಗ ಪಾಲು ಅಂದ್ರ ಏನ್ರಿ?” ಕೆಲವರು ಬಯ್ಯುತ್ತಿದ್ದರು, ಕೆಲವರು ಹೇಳುತ್ತಿದ್ದರು.

ಸಕ್ಕುಬಾಯಿ ಮದುವೆಯಾಗಿ ಬಂದಾಗ ಆಕೆಗೆ ಮರಾಠಿ ಬಾರದು. ತವರೂರಿನ ಕನ್ನಡ ಸಾಲೆಯಲ್ಲಿ ಮೂರನೆಯ ಇಯತ್ತೆ ಮುಗಿಸಿದವಳು. ಎರಡನೇ ತಿಂಗಳು ಬಾಜೂ ಮನೆಯ ಮರಾಠಿ ಹೆಂಗಸು “ಪಾಲ! ಪಾಲ!” ಎಂದು ಚೀರಿದಳು. ಅವರ ಮನೆಯಲ್ಲಿ ಪಾಲಿನ ಜಗಳ ಹತ್ತಿದೆ, ನಡುವೆ ಹೋಗಬಾರದು ಎಂದು ಸಕ್ಕುಬಾಯಿ ತನ್ನ ಬಾಗಿಲು ಎಳೆದುಕೊಂಡು ಕುಳಿತಳು. ಬೇಳೆಯ ಗಡಿಗೆಯಲ್ಲಿ ಹಲ್ಲಿ ಬಿದ್ದಿತ್ತು. ಮರಾಠಿಯಲ್ಲಿ ಪಾಲ ಎಂದರೆ ಹಲ್ಲಿ. ಆ ಹೆಂಗಸು ಒಂದು ವಾರ ಇವಳೊಡನೆ ಮಾತು ಬಿಟ್ಟಳು. ಶಾಂತಲಿಂಗಪ್ಪ ಮಾತ್ರ ಕಣ್ಣಲ್ಲಿ ನೀರು ಬರುವ ತನಕ ನಕ್ಕ. “ಎರಡಾದುವು” ಎಂದ. ಏನು ಎರಡು ಎಂದು ಆಕೆಗೆ ಆಗ ತಿಳಿಯಲಿಲ್ಲ.

ಮೂರನೆಯದು ವಿಜಾಪುರ ವೇಸಿನಿಂದ ಬಂತು. ಒಬ್ಬ ಹಣ್ಣಿನವನ ಗಾಡಿಗೆ ಉರ್ದುವಿನಲ್ಲಿ ಹೆಸರು ಬರೆದುಕೊಟ್ಟಿದ್ದ. ಗಾಡಿಯವನು “ಪಾಲ್ ಕಾ ಆಮ್” ಎಂದು ಕೂಗುತ್ತಿದ್ದ. ಶಾಂತಲಿಂಗಪ್ಪ ಮನೆಗೆ ಐದಾರು ಮಾವಿನಹಣ್ಣು ಹೊತ್ತು ಓಡಿಬಂದ. “ಹುಲ್ಲಿನಾಗ ಮುಚ್ಚಿಟ್ಟು ಹಣ್ಣು ಮಾಡ್ತಾರಲ್ಲ, ನಾವು ಅಡಿ ಹಾಕೂದು ಅಂತೀವಿ, ಅದಕ್ಕ ಅವರು ಪಾಲ್ ಅಂತಾರ. ಗೊತ್ತೇನು?” ಸಕ್ಕುಬಾಯಿ ಹಣ್ಣು ಒತ್ತಿ ನೋಡಿದಳು. “ಎರಡು ಕೊಳತಾವ” ಎಂದಳು.

ನಾಲ್ಕನೆಯದು ರಸ್ತೆಯ ಬದಿಯದು. ಅಕ್ಕಲಕೋಟ ರಸ್ತೆಗೆ ಕಬ್ಬಿಣ ಬಡಿಯುವ ಅಲೆಮಾರಿಗಳು ಬಂದು ಬಟ್ಟೆಯ ಗುಡಾರ ಹಾಕುತ್ತಿದ್ದರು. ಅದಕ್ಕೂ ಮರಾಠಿಯಲ್ಲಿ ಪಾಲ. “ಹಲ್ಲಿಗಿ ಗ್ವಾಡಿ ಬೇಕು, ಇವರ ಪಾಲಕ್ಕ ಗ್ವಾಡಿ ಇಲ್ಲ” ಎನ್ನುತ್ತಿದ್ದ. ತಾನೇ ಆಡಿ ತಾನೇ ನಗುವನು.

ಮಲ್ಲಯ್ಯ ಮಾಸ್ತರರು ಅಕ್ಕಲಕೋಟದವರು. ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತಿಯಾದವರು. ವಾಗದರಿಯಲ್ಲಿದ್ದಾಗ ಅಣ್ಣತಮ್ಮ ಇಬ್ಬರಿಗೂ ಪಾಠ ಹೇಳಿದ್ದರು. ಒಂದು ಸಲ ಗಂಡಹೆಂಡತಿ ಸ್ವಾಮಿಯ ದರ್ಶನಕ್ಕೆಂದು ಅಕ್ಕಲಕೋಟಕ್ಕೆ ಹೋದಾಗ ಶಾಂತಲಿಂಗಪ್ಪ ಅವರ ಮನೆ ಹೊಕ್ಕ. ತಾನು ಕೂಡಿಸಿದ ಪಾಲುಗಳನ್ನೆಲ್ಲ ಅವರ ಮುಂದೆ ಸುರಿದ. ಮಾಸ್ತರರಿಗೆ ಖುಷಿಯೋ ಖುಷಿ.

“ಕೇಳು ಶಾಂತಲಿಂಗ. ಮೊದಲ ಕನ್ನಡದಾಗೂ ಹಾಲಿಗಿ ಪಾಲ್ ಅಂತಿದ್ರು. ತೆಲಗ್ಯಾರು ಹಂಗೇ ಇಟ್ಕೊಂಡ್ರು. ನಾವು ಬಾಯಿ ಸಡ್ಲ ಬಿಟ್ವಿ, ಪ ಹೋಗಿ ಹ ಆತು. ಪುಲಿ ಹುಲಿ ಆತು, ಪಾವು ಹಾವು ಆತು, ಪಾಲು ಹಾಲು ಆತು.”

“ಮತ್ತ ಮರಾಠ್ಯಾಗಿಂದು?”

“ಅದು ಸಂಸ್ಕೃತದ ಪಲ್ಲಿ. ಅವರ ಬಾಯಾಗ ಸವದು ಪಾಲ ಆತು, ನಮ್ಮ ಬಾಯಾಗ ಹಲ್ಲಿ ಆತು.”

“ಅಂದ್ರ ಹಾಲೂ ಹಲ್ಲೀನೂ ಒಂದೇ ಬಾಗಲದಾಗ ಹಾದು ಬಂದಾವ ಅನ್ರಿ.”

“ಹೂಂ. ಆದ್ರ ಹೊಲದ ಪಾಲಿನ ಬೇರು ಬ್ಯಾರೆ. ಪಗು ಅಂತ ಹಳೇ ಮಾತು ಅದ, ಒಡಿಯೂದು ಅಂತ ಅರ್ಥ. ಅದರಾಗಿಂದ ಹುಟ್ಟೇದ. ಅದಕ್ಕೂ ಪ ಹೋಗಿ ಹ ಬರಬೇಕಾಗಿತ್ತು. ಯಾಕೋ ಬರಲಿಲ್ಲ.”

“ಪಾಲಿಗಿ ಬಂದದ್ದನ್ನ ಯಾರು ಬಿಡ್ತಾರ್ರಿ ಮಾಸ್ತರ್ರ? ಪ ಸೈತ ಬಿಡಲಿಲ್ಲ.”

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಗುಡಾರದ ಪಾಲ ಎಲ್ಲಿಂದ ಬಂತೆಂದು ಮಾಸ್ತರರಿಗೂ ತಿಳಿಯದು. ಹುಡುಕಿ ಹೇಳುತ್ತೇನೆ ಎಂದರು. ಹಣ್ಣಿನ ಪಾಲಿಗೂ ಹಾಗೇ ಎಂದರು. ಸಕ್ಕುಬಾಯಿ ಹೊಸ್ತಿಲಲ್ಲಿ ಕುಳಿತು ಎರಡು ಸಲ “ಗಾಡಿ ಹೋತದ” ಎಂದಳು. ಮೂರನೆಯ ಸಲ ಎದ್ದೇ ಬಿಟ್ಟಳು. ಅವನು ಅವಳ ಹಿಂದೆ ಓಡಿಬಂದ, ಇನ್ನೂ ನಗುತ್ತ. ಬಸ್ಸಿನಲ್ಲಿ ಹೇಳಲು ಹೋದ. ಆಕೆ ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಬಂದವಳ ಹಾಗೆ ಕುಳಿತಳು. ನಿದ್ದೆ ಬಂದಿರಲಿಲ್ಲ.

ಆಕೆಗೆ ಪಾಲು ಎಂದರೆ ಒಂದೇ. ಆ ಹೊಲದಲ್ಲಿ ತನ್ನದು.

ಮೊದಲು ಆಕೆಗೂ ಅದರ ಚಿಂತೆ ಇರಲಿಲ್ಲ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಸಿದ್ದಣ್ಣ ಟೆಂಪೋದಲ್ಲಿ ಎರಡು ಚೀಲ ಜೋಳ ಕಳಿಸುತ್ತಿದ್ದ. ಉಣ್ಣುತ್ತಿದ್ದರು. ಮಗಳು ದೀಪಾಲಿಯ ಲಗ್ನ ಬಂತು. ಲಗ್ನದೂಟದ ಜೋಳವೂ ವಾಗದರಿಯಿಂದಲೇ ಬಂತು. ಸಿದ್ದಣ್ಣನ ಹೆಂಡತಿ ಲಕ್ಷ್ಮೀಬಾಯಿ ಬೀಗಿತ್ತಿಯರ ನಡುವೆ ಕುಳಿತು, “ಜ್ವಾಳ ನಮ್ಮದು, ಹೆಸರು ಇವರದು” ಎಂದಳು. ನಗುತ್ತಲೇ ಅಂದಳು. ಸಕ್ಕುಬಾಯಿ ಬಾಗಿಲ ಹಿಂದೆ ಸಾರಿನ ಬಕೆಟ್ ಹಿಡಿದು ನಿಂತಿದ್ದಳು. ಅಂದಿನಿಂದ ಆ ಜೋಳದ ರೊಟ್ಟಿ ಬಡಿಯುವಾಗೆಲ್ಲ ಆಕೆ ಪಾಲಿನ ಮಾತು ತೆಗೆಯತೊಡಗಿದಳು.

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಗಂಡನ ಕೆಲಸವೂ ಹೋಗಿತ್ತು. ಊರ ತುಂಬ ಫ್ಲೆಕ್ಸ್ ಬಂದವು. ಕಂಪ್ಯೂಟರಿನಲ್ಲಿ ಹೊಡೆದು ಒಂದು ತಾಸಿನಲ್ಲಿ ಕಟ್ಟಿಬಿಡುತ್ತಾರೆ. ಕೈಯಿಂದ ಬರೆಸುವವರು ರಿಕ್ಷಾದವರು, ಟೆಂಪೋದವರು ಅಷ್ಟೇ ಉಳಿದರು. ನಿಚ್ಚಣಿಕೆ ಏರುವುದನ್ನೂ ಅವನು ಬಿಟ್ಟಿದ್ದ. ನಾಳೆ ಇವನಿಗೆ ಏನಾದರೂ ಆದರೆ ತನಗೆ ನಿಲ್ಲಲು ಒಂದು ಮೊಳ ನೆಲ ಇಲ್ಲ. ಬಾಡಿಗೆ ಮನೆ. ಹೊಲದ ಹಕ್ಕುಪತ್ರ ಉತಾರದಲ್ಲಿ ಇನ್ನೂ ಅವನ ಅಪ್ಪನ ಕಾಲದ ಹೆಸರು. ಅದನ್ನು ಹೇಳಿದರೆ ಅವನು, “ಒಂದೇ ಹೊಲ, ಎರಡೂ ಮನಿ ಉಣ್ತಾವ, ನಡುವ ಗೆರಿ ಯಾಕ?” ಎನ್ನುವನು. ಹೆಚ್ಚು ಹೇಳಿದರೆ ಹಾಲು, ಹಲ್ಲಿ, ಮಾವಿನಹಣ್ಣು ಎಂದು ಶುರು ಮಾಡುವನು. ಆಕೆಗೆ ಮೈ ಉರಿಯುತ್ತಿತ್ತು. ನನ್ನ ಹೊಟ್ಟೆಯ ಸಂಕಟ ಇವನಿಗೆ ಆಟ ಆಗಿದೆ ಎನ್ನುತ್ತಿದ್ದಳು. ಅವನು ಜಗಳ ಆಡಲಾರದ ಮನುಷ್ಯ, ಅದಕ್ಕೇ ಹಾಗೆ ಮಾಡುತ್ತಿದ್ದ ಎಂದು ಆಗ ಹೊಳೆಯಲಿಲ್ಲ.

ಬುಧವಾರ ನಾಲ್ಕು ಗಂಟೆಗೆ ಫೋನ್ ಬಂತು. ಅವನ ನಂಬರ್. ಆದರೆ ದನಿ ಬೇರೆ, ಮಾತು ಮರಾಠಿ. ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಅವರು ಕುಸಿದು ಬಿದ್ದಿದ್ದಾರೆ, ಬೇಗ ಬನ್ನಿ ಎಂದ ಯಾರೋ ಪುಣ್ಯಾತ್ಮ. ದೀಪಾಲಿಯ ಗಂಡನ ಮನೆ ಅಕ್ಕಲಕೋಟದಲ್ಲೇ. ಆಕೆ ಮೊದಲು ಮುಟ್ಟಿದಳು. ಸಕ್ಕುಬಾಯಿ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಎದೆ ನಿಂತಿತ್ತು. ಅವನ ಉಗುರುಗಳಲ್ಲಿ ಬಿಳಿ ಬಣ್ಣ ಇತ್ತು.

ಸಿದ್ದಣ್ಣ ಟೆಂಪೋ ತಂದ. “ಅಣ್ಣ ನಮ್ಮ ಹೊಲದಾಗೇ ಇರಬೇಕು” ಎಂದ. ವಾಗದರಿಗೆ ಒಯ್ದರು.

ಆ ಕಡೆ ಲಿಂಗಾಯತರು ಸುಡುವುದಿಲ್ಲ, ಹೂಳುತ್ತಾರೆ. ಹೊಲ ಇದ್ದವರು ತಮ್ಮ ತಮ್ಮ ಹೊಲದಲ್ಲೇ. ಪಾಲಾದ ಮನೆಯಲ್ಲಿ ಸತ್ತವನ ಕುಣಿ ಸತ್ತವನ ಪಾಲಿನಲ್ಲೇ ತೆಗೆಯುತ್ತಾರೆ. ಕುಣಿ ಎಲ್ಲಿ ತೆಗೆದರು ಎಂದು ನೋಡಿದರೆ ಸಾಕು, ಯಾವುದು ಯಾರದು ಎಂದು ಊರಿಗೆ ತಿಳಿಯುತ್ತದೆ. ಸಕ್ಕುಬಾಯಿ ಹುಟ್ಟಿ ಬೆಳೆದದ್ದು ಇಂಥದೇ ಊರಿನಲ್ಲಿ. ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

ಗುರುವಾರ ಹೊಲಕ್ಕೆ ಹೋದಾಗ ಆಕೆ ಹೊಸ ಬಣ್ಣದ ಕಲ್ಲುಗಳನ್ನು ನೋಡಿದಳು. ಹೊಲದ ಉದ್ದಕ್ಕೂ ಬೆಳ್ಳಗೆ ಸಾಲು. ಮೂಡಣ ಕಡೆ ಕರಿ ಮಣ್ಣು, ಬಾವಿ. ಪಡುವಣ ಕಡೆ ಮಡ್ಡಿ. ಬರೀ ಕಲ್ಲು, ಮುಳ್ಳುಕಂಟಿ. ಕುಣಿ ಮಡ್ಡಿಯಲ್ಲಿ ತೆಗೆದಿದ್ದರು. ಗುದ್ದಲಿ ಬಿದ್ದಲ್ಲೆಲ್ಲ ಕಲ್ಲು ಎದ್ದಿದ್ದವು.

ಅವನನ್ನು ಕೂಡಿಸಿ, ವಿಭೂತಿ ಹಚ್ಚಿ, ಇನ್ನೇನು ಮಣ್ಣು ಕೊಡಬೇಕು. ಸಕ್ಕುಬಾಯಿ ಚೀರಿದಳು.

“ಸಿದ್ದಣ್ಣಾ! ಬಾವಿ ನೀ ಇಟ್ಕೊಂಡಿ. ನಿಮ್ಮಣ್ಣಗ ಕಲ್ಲು ಕೊಟ್ಟಿ. ಮುಗ್ಧ ಮನುಷ್ಯಾನ ಕರಸಿ ಮೋಸ ಮಾಡಿದಿ. ಆ ಸಂಕಟಕ್ಕೇ ಅವರ ಎದಿ ಒಡದದ. ನೀನೇ ಕೊಂದಿ ಅವರನ್ನ.”

ಮಲ್ಲಯ್ಯ ಮಾಸ್ತರರು ಎದ್ದರು, ಸಿದ್ದಣ್ಣ ಅವರ ಕೈ ಹಿಡಿದು ಏನೋ ಅಂದ. ಲಕ್ಷ್ಮೀಬಾಯಿ ಬಾಯಿ ತೆರೆದಳು. ಸಿದ್ದಣ್ಣ ಅವಳ ಕಡೆ ಕೈ ಎತ್ತಿದ, ಅವಳು ಬಾಯಿ ಮುಚ್ಚಿದಳು. ಅವನು ಒಂದು ಹಿಡಿ ಮಣ್ಣು ಎತ್ತಿ ಅಣ್ಣನ ಮೇಲೆ ಹಾಕಿದ. ಮತ್ತೊಂದು ಹಿಡಿ ಹಾಕಿದ.

“ಅವ್ವಾ, ಕಾಕಾಗ ಹಂಗ ಅನ್ನಬಾರದಾಗಿತ್ತು” ಎಂದಳು ದೀಪಾಲಿ, ತಿರುಗಿ ಬರುವಾಗ.

“ನೀ ಸುಮ್ಕಿರು. ನಿನಗೇನು ತಿಳೀತದ? ಮರಾಠಿ ಸಾಲಿ ಕಲತಾಕಿ.”

ಸಿದ್ದಣ್ಣನ ಮನೆಯಲ್ಲಿ ಆಕೆ ನೀರು ಸಹ ಮುಟ್ಟಲಿಲ್ಲ. ಸೋಲಾಪುರಕ್ಕೆ ಬಂದಳು. ದೀಪಾಲಿ ಹದಿನೈದು ದಿನ ಇದ್ದು ಹೋದಳು. ಆಮೇಲೆ ಒಬ್ಬಳೇ. ಸಿಟ್ಟು ಇತ್ತು, ಅದು ಒಂದು ಆಸರೆ. ಬೆಳಿಗ್ಗೆ ಏಳುವಾಗ ಸಿದ್ದಣ್ಣನನ್ನು ಬಯ್ಯುತ್ತ ಏಳುತ್ತಿದ್ದಳು. ಗಂಡನಿಗೆ ಅಳುವುದಕ್ಕಿಂತ ಅದು ಹಗುರ ಇತ್ತು.

ಜ್ಯೇಷ್ಠ ಮುಗಿಯುವ ಹೊತ್ತಿಗೆ ಮಲ್ಲಯ್ಯ ಮಾಸ್ತರರು ಬಂದರು. ಕೈಯಲ್ಲಿ ಒಂದು ಕಾಗದ. ಹೊಲದ ಲೆಕ್ಕ ಇಡುವ ತಲಾಠಿಯ ಕಚೇರಿಯಲ್ಲಿ ಉತಾರಕ್ಕೆ ಹೆಸರು ಏರಿಸಬೇಕು, ಅದಕ್ಕೆ ಆಕೆಯ ಸಹಿ ಬೇಕು ಎಂದರು.

“ಆ ಕಲ್ಲಿಗಿ ನನ್ನ ಸಹಿ ಯಾಕ್ರಿ?”

“ಯಾವ ಕಲ್ಲು? ಕೇಳವ್ವ.” ಮಾಸ್ತರರು ಕನ್ನಡಕ ಹಾಕಿಕೊಂಡು ಓದಿದರು. ಮೂಡಣ ಕಡೆ, ಬಾವಿ ಸಹಿತ, ಕರಿ ಹೊಲ ಮೂರೂವರೆ ಎಕರೆ. ಶಾಂತಲಿಂಗಪ್ಪನ ವಾರಸಿಗೆ.

ಸಕ್ಕುಬಾಯಿಗೆ ತಿಳಿಯಲಿಲ್ಲ. ಮತ್ತೊಮ್ಮೆ ಓದಿಸಿದಳು. ಕಾಗದ ಇಸಿದುಕೊಂಡು ಬೆರಳಿಟ್ಟು ನೋಡಿದಳು. ಅದು ಮರಾಠಿಯಲ್ಲಿತ್ತು. ತಿರುಗಿ ಕೊಟ್ಟಳು.

“ತಪ್ಪು ಬರದಾರ” ಎಂದಳು.

“ತಪ್ಪಲ್ಲ. ನಾ ಅಲ್ಲೇ ಇದ್ದೆ. ಹಿರ್‍ಯಾ ಗೆರಿ ಎಳೀಬೇಕು, ಕಿರ್‍ಯಾ ತನಗ ಬೇಕಾದ್ದು ಎತ್ತಬೇಕು, ಅದು ನಮ್ಮ ಕಡಿ ರಿವಾಜು. ನಿನ್ನ ಗಂಡ ಬೇಕಂತಲೇ ಹಂಗ ಎಳದ. ಒಂದು ಕಡಿ ಕರಿ ಹೊಲ, ಬಾವಿ. ಒಂದು ಕಡಿ ಐದು ಎಕರೆ ಮಡ್ಡಿ. ನನ್ನ ಕಿವಿಯಾಗ ಅಂದ, ‘ಮಾಸ್ತರ್ರ, ಬಾವಿ ತೋಡಿದಾಂವ ಅವ. ಬಾವಿ ಬಿಟ್ಟು ಎಲ್ಲಿ ಹೋಗ್ತಾನ? ಅದನ್ನೇ ಎತ್ತತಾನ, ಆಮ್ಯಾಲ ಸಕ್ಕುಗ ಐದು ಎಕರೆ ಬಂತಂತ ಹೇಳ್ತೀನಿ.’”

ಸಕ್ಕುಬಾಯಿ ಕಾಗದವನ್ನು ಮತ್ತೆ ಕೈಗೆ ತೆಗೆದುಕೊಂಡಳು. ಮಾಸ್ತರರು ಮುಂದುವರಿಸಿದರು.

“ಸಿದ್ದಣ್ಣ ನಡಕೊಂತ ಹೋಗಿ ಮಡ್ಡಿಯಾಗ ನಿಂತ. ‘ನಂದು ಇದು’ ಅಂದ. ನಿನ್ನ ಗಂಡ ಒದರಿದ, ಯಾವತ್ತೂ ಒದರದ ಮನುಷ್ಯ. ‘ಹುಚ್ಚಾ, ಎತ್ತಾಕೂ ಬರೂದಿಲ್ಲೇನು ನಿನಗ?’ ಅಂದ. ಸಿದ್ದಣ್ಣ ಅಂದ, ‘ನೀ ಬ್ರಷ್ ಹಿಡದಾಂವ. ಮಡ್ಡಿ ನಿನ್ನ ಕೈಲಿ ಆಗೂದಿಲ್ಲ, ನನ್ನ ಕೈಲಿ ಆಗ್ತದ. ಎತ್ತೂದು ಕಿರ್‍ಯಾನ ಹಕ್ಕು. ಎತ್ತೀನಿ. ಮುಗೀತು.’ ಒಂದು ತಾಸು ಬಡದಾಡಿದ್ರು. ಕಡೀಕ ನಿನ್ನ ಗಂಡ ಬದುವಿನ ಮ್ಯಾಲ ಕುಂತು ನಗಾಕ ಶುರು ಮಾಡಿದ. ಅತ್ತನೋ ನಕ್ಕನೋ, ನನಗ ಗೊತ್ತಾಗಲಿಲ್ಲ.”

“ಹಂಗಾರ ಕುಣಿ ಮಡ್ಡಿಯಾಗ ಯಾಕ ತೆಗಸಿದ?”

“ನಿನ್ನದು ಮೂರೂವರೆ ಎಕರೆ. ಅದರ ನಡುವ ಗದ್ದುಗಿ ಕಟ್ಟಿದ್ರ ವರ್ಷಾ ನೇಗಿಲು ಸುತ್ತ ಹಾಕಿ ಹೋಗಬೇಕು. ವೈನಿ ಹೊಲ ಹಾಳಾಗ್ತದ, ಅಣ್ಣ ನನ್ನ ಪಾಲಿನ್ಯಾಗ ಇರ್ಲಿ ಅಂದ ಸಿದ್ದಣ್ಣ.”

ಸಕ್ಕುಬಾಯಿ ಗೋಡೆಗೆ ಒರಗಿದಳು. “ನಾ ಅಷ್ಟು ಅಂದಾಗ ಯಾಕ ಹೇಳಲಿಲ್ಲರಿ?”

“ನಾನೇ ಹೇಳಬೇಕಂತ ಎದ್ದಿದ್ದೆ. ನನ್ನ ಕೈ ಹಿಡದ. ಹೆಣದ ಮುಂದ ಪಾಲಿನ ಮಾತು ಬ್ಯಾಡ ಅಂದ.”

ಆಕೆ ಒಲೆಯ ಕಡೆ ನೋಡುತ್ತ ಕೇಳಿದಳು, “ಉಂಡಿದ್ರೇನ್ರಿ ಅವರು?”

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. “ಇಲ್ಲವ್ವ. ಲಕ್ಷ್ಮೀಬಾಯಿ ತಾಟ ಹಾಕಿದ್ಲು. ‘ಸಕ್ಕುಗ ಮೊದಲ ಹೇಳಬೇಕು, ಮನಿಗಿ ಹೋಗೇ ಉಣ್ತೀನಿ’ ಅಂತ ಎದ್ದ. ಚಾ ಕುಡದ, ಅಷ್ಟೇ.”

ಬುತ್ತಿ ಕಟ್ಟಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಬಿಚ್ಚಿ ಉಣ್ಣುತ್ತಿದ್ದ. ಉಂಡಿದ್ದರೆ ಉಳಿಯುತ್ತಿದ್ದನೇ? ಇಲ್ಲ ಎಂದು ದೀಪಾಲಿ ಆಮೇಲೆ ನೂರು ಸಲ ಹೇಳಿದಳು. ಎದೆಯ ರೋಗಕ್ಕೂ ರೊಟ್ಟಿಗೂ ಸಂಬಂಧ ಇಲ್ಲ ಎಂದಳು. ಇರಲಿಕ್ಕಿಲ್ಲ. ಹಸಿದು ಹೋದ ಎಂಬುದಂತೂ ಖರೆ.

ಸಹಿ ಹಾಕಿದಳು. ಮಾಸ್ತರರು ಹೊಸ್ತಿಲು ದಾಟುವಾಗ ಹಿಂದಿನಿಂದ ಕೇಳಿದಳು, “ಮಾಸ್ತರ್ರ, ಆ ಗುಡಾರದ ಪಾಲ ಎಲ್ಲಿಂದ ಬಂತಂತ ಸಿಕ್ತೇನ್ರಿ?”

ಅವರು ತಿರುಗಿ ಆಕೆಯ ಮುಖ ನೋಡಿದರು. “ನೀನೂ ಕೇಳತಿದ್ದೇನವ್ವ ಆ ದಿನ?”

“ಕೇಳತಿದ್ದೆ. ಕೇಳಲಾರದಾಕಿ ಹಂಗ ಕುಂತಿದ್ದೆ.”

“ಇಲ್ಲವ್ವ, ಸಿಗಲಿಲ್ಲ. ಸಿಕ್ಕಿದ್ರೂ ಇನ್ನ ಯಾರಿಗಿ ಹೇಳ್ಲಿ?”

“ನನಗ ಹೇಳ್ರಿ” ಎಂದಳು ಸಕ್ಕುಬಾಯಿ.

ಮರುದಿನ ವಾಗದರಿಗೆ ಹೋದಳು. ಸಿದ್ದಣ್ಣ ಮಡ್ಡಿಯಲ್ಲಿ ಕಲ್ಲು ಆರಿಸಿ ಬದುವಿಗೆ ಒಟ್ಟುತ್ತಿದ್ದ. ಬಿಸಿಲಿಗೆ ಕರ್ರಗಾಗಿದ್ದ. ಅತ್ತಿಗೆಯನ್ನು ನೋಡಿ ಕಲ್ಲು ಕೆಳಗಿಟ್ಟ. ಬರ್ರಿ ಎನ್ನಲಿಲ್ಲ.

“ಸಿದ್ದಣ್ಣಾ, ತಪ್ಪಾತು ನಂದು.”

“ಹೌದು ವೈನಿ. ತಪ್ಪಾತು.”

“ಮಾಸ್ತರ್ರು ಎಲ್ಲಾ ಹೇಳಿದ್ರು. ನನಗ ಪಾಲು ಬ್ಯಾಡ. ಮೊದಲಿನಂಗ ಒಂದೇ ಇರ್ಲಿ. ಆ ಬಣ್ಣಾ ನಾನೇ ತಿಕ್ಕಿ ತಗೀತೀನಿ.”

ಸಿದ್ದಣ್ಣ ಆ ಬಿಳಿ ಕಲ್ಲುಗಳ ಕಡೆ ನೋಡಿದ. ಒಂದೊಂದು ಕಲ್ಲಿಗೂ ಶಾಂತಲಿಂಗಪ್ಪ ನೆಟ್ಟಗೆ ಒಂದು ಗೆರೆ ಎಳೆದು, ಗೆರೆಯ ತುದಿಗೆ ಬೋರ್ಡಿನ ಅಕ್ಷರಕ್ಕೆ ಕೊಡುವ ಹಾಗೆ ಸಣ್ಣ ಕೊಕ್ಕೆ ಕೊಟ್ಟಿದ್ದ. ಹೊಲದ ಕಲ್ಲಿಗೆ ಅದು ಬೇಕಿರಲಿಲ್ಲ. ಅವನ ಕೈ ಕೇಳಿರಲಿಕ್ಕಿಲ್ಲ.

“ಅಣ್ಣ ಕಡೀಕ ಬರದದ್ದು ಅದು” ಎಂದ ಸಿದ್ದಣ್ಣ. “ಯಾರೂ ಮುಟ್ಟಬ್ಯಾಡ್ರಿ. ನಿಮಗ ಬೇಕಂತ ಬರದಾನ. ನಿಮ್ಮದು ನೀವು ನೋಡ್ಕೋರಿ.”

“ನನ್ನ ಮಾತು ಮನಸಿನ್ಯಾಗ ಇಟ್ಕೊಬ್ಯಾಡ.”

“ನಾ ಇಟ್ಕೊಂಡಿಲ್ಲ ವೈನಿ. ಊರು ಇಟ್ಕೊಂಡದ. ನನ್ನ ಮಗಾ ಸಾಲಿಂದ ಬಂದು ಕೇಳ್ತಾನ, ಅಪ್ಪಾ, ದೊಡ್ಡಪ್ಪನ್ನ ನೀ ಕೊಂದಿ ಅಂತಾರ, ಖರೇನು ಅಂತ. ಏನು ಹೇಳ್ಲಿ?”

ಅವನು ಬಾಗಿ ಮತ್ತೆ ಕಲ್ಲು ಎತ್ತಿಕೊಂಡ.

ಆಕೆ ಊರಲ್ಲಿ ಮನೆ ಮನೆಗೂ ಹೋದಳು. ತಾನು ಅಂದದ್ದು ಸುಳ್ಳು, ಸಿದ್ದಣ್ಣ ಬಾವಿ ಬಿಟ್ಟುಕೊಟ್ಟಿದ್ದಾನೆ ಎಂದು ಹೇಳಿದಳು. ಮಂದಿ ಕೇಳಿದರು. ಹೌದೇನವ್ವ ಎಂದರು. ಚಹಾ ಕೊಟ್ಟರು. ಚೀರಿ ಹೇಳಿದ ಮಾತು ಒಂದು ಗಳಿಗೆಯಲ್ಲಿ ಊರು ತುಂಬಿತ್ತು. ಮೆಲ್ಲಗೆ ಹೇಳಿದ ಮಾತು ಆಯಾ ಮನೆಯ ಹೊಸ್ತಿಲಲ್ಲೇ ಉಳಿಯಿತು.

ದೀಪಾವಳಿಯ ಹೊತ್ತಿಗೆ ಸೋಲಾಪುರದ ಮನೆ ಬಿಟ್ಟು ಬಂದಳು. ಬಾವಿಯ ಹತ್ತಿರ ಪತ್ರಾಸ್ ತಗಡಿನ ಒಂದು ಖೋಲಿ ಹಾಕಿಸಿಕೊಂಡಳು. ಕರಿ ಹೊಲವನ್ನು ಸಿದ್ದಣ್ಣನೇ ಹರಗಿ ಬಿತ್ತಿಕೊಟ್ಟ. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ತಾನಾಗಿ ಮಾತು ತೆಗೆಯುವುದಿಲ್ಲ. ಲಕ್ಷ್ಮೀಬಾಯಿ ಹಬ್ಬಕ್ಕೆ ಹೋಳಿಗೆ ಕಳಿಸುತ್ತಾಳೆ, ಮಗನ ಕೈಯಲ್ಲಿ. ತಾನು ಬರುವುದಿಲ್ಲ.

ಮಡ್ಡಿಯ ಕಡೆ ನೀರಿಲ್ಲ. ಸಿದ್ದಣ್ಣನಿಗೆ ಎರಡು ಎತ್ತು, ಒಂದು ಎಮ್ಮೆ. ಬಾವಿ ಅವನೇ ತೋಡಿದ್ದು. ಪಾಲಾದ ಮೇಲೆ ಅವನು ಅದರ ಕಡೆ ಕಾಲಿಡಲಿಲ್ಲ. ದನಗಳನ್ನು ನೀರಿಗೆ ಊರ ಮುಂದಿನ ಟಾಕಿಗೆ ಹೊಡೆದುಕೊಂಡು ಹೋಗುತ್ತಿದ್ದ, ಹೋಗಿ ಬರಲು ಒಂದು ತಾಸು. “ಬಾವಿ ನಿನ್ನದೇ ಅಲ್ಲೇನು, ಸೇದ್ಕೋ” ಎಂದು ಸಕ್ಕುಬಾಯಿ ಎರಡು ಸಲ ಹೇಳಿದಳು. “ಇರ್ಲಿ ವೈನಿ” ಎಂದ. ಮೂರನೆಯ ಸಲ ಆಕೆ ಹೇಳಲಿಲ್ಲ.

ಈಗ ಬೆಳಕು ಹರಿಯುವ ಮೊದಲು ಏಳುತ್ತಾಳೆ. ಕರೆಂಟಿನ ನಂಬಿಕೆ ಇಲ್ಲ, ಹಗ್ಗ ಹಾಕಿಯೇ ಸೇದುತ್ತಾಳೆ. ಸಿದ್ದಣ್ಣನ ಕಡೆ ದನ ನೀರು ಕುಡಿಯುವ ಕಲ್ಲಿನ ಬಾನಿ ಒಂದಿದೆ. ಅದು ತುಂಬಲು ಹದಿನಾಲ್ಕು ಕೊಡ ಬೇಕು. ಹೊತ್ತುಕೊಂಡು ಹೋಗಿ ಸುರಿಯುತ್ತಾಳೆ, ತಿರುಗಿ ಬರುತ್ತಾಳೆ, ಮತ್ತೆ ಸೇದುತ್ತಾಳೆ. ಮೊಣಕಾಲು ನೋಯುತ್ತದೆ. ಬೇಸಿಗೆಯಲ್ಲಿ ನೀರು ಕೆಳಗೆ ಹೋದರೆ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕುತ್ತಾಳೆ. ಸಿದ್ದಣ್ಣ ಕೊಟ್ಟಿಗೆಯಿಂದ ದನ ಬಿಡುವುದರೊಳಗೆ ಬಾನಿ ತುಂಬಿರಬೇಕು. ಕೊನೆಯ ಕೊಡ ಸುರಿದು, ನೀರಿನ ಮೇಲೆ ಬಿದ್ದ ಕಸ ಕೈಯಿಂದ ತೆಗೆದು, ಅವನು ಬರುವ ಮೊದಲು ತನ್ನ ಖೋಲಿಗೆ ಬಂದು ಒಲೆ ಹೊತ್ತಿಸುತ್ತಾಳೆ.